ಸಾಲೋಮನನ ಒರೆಸುಬಟ್ಟೆ

ಮಡೆಪ್ಪ ಗ್ಯಾಸ್ ಸಿಲಿಂಡರುಗಳ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಬೆಳಗಿನ ಏಳು ಗಂಟೆ. ಕಾರ್ಖಾನೆಯ ಒಲೆಯ ಕೋಣೆಗೆ ಸಾಲೋಮನ ಒಬ್ಬನೇ ಬಂದ, ಬಾಗಿಲು ಮುಂದಕ್ಕೆ ತಳ್ಳಿದ, ಜೇಬಿನಿಂದ ಸಣ್ಣ ಬಾಟಲಿ ತೆಗೆದ. ಬಿಳಿ ಬಟ್ಟೆಯ ಮೇಲೆ ಏನನ್ನೋ ಸುರಿದುಕೊಂಡು ಟ್ರೇಯಲ್ಲಿದ್ದ ಟರ್ಬೈನ್ ಬ್ಲೇಡುಗಳಿಗೆ ಒಂದೊಂದಾಗಿ ತಿಕ್ಕಿದ. ಇಪ್ಪತ್ನಾಲ್ಕರಲ್ಲಿ ಒಂದನ್ನೂ ಬಿಡಲಿಲ್ಲ. ಬಟ್ಟೆ ಮಡಚುವಾಗ ಅದರ ಮೇಲೆ ಕೆಂಪು ಕಲೆ ಕಂಡಿತು.

ಸಿಕ್ಕಿಬಿದ್ದ ಮಗ! ಆರು ತಿಂಗಳ ಸಂಕಟ ಇಲ್ಲಿಗೆ ಮುಗಿಯಿತು ಅಂದುಕೊಂಡ ಮಡೆಪ್ಪ.

ನೌಬಾದದ ಅಂಚಿನ ಆ ಶೆಡ್ಡಿನಲ್ಲಿ ವಿದ್ಯುತ್ ಸ್ಥಾವರದ ಟರ್ಬೈನಿಗೆ ರೆಕ್ಕೆಯಂಥ ಬ್ಲೇಡುಗಳು ತಯಾರಾಗುತ್ತಿದ್ದವು. ಎಲ್ಲ ನಿಕ್ಕಲ್ ಮಿಶ್ರಲೋಹ. ಉಕ್ಕು ಮೆತ್ತಗಾಗಿ ಬಾಗುವ ಕಾವಿನಲ್ಲೂ ಸೆಟೆದು ನಿಲ್ಲುವ ಜಾತಿ. ಆದರೆ ಆ ಗಟ್ಟಿತನ ಹುಟ್ಟಿನಿಂದ ಬಂದದ್ದಲ್ಲ. ಗಾಳಿ ಹೀರಿ ತೆಗೆದ ಒಲೆಯಲ್ಲಿ ಸಾವಿರದ ಇನ್ನೂರು ಡಿಗ್ರಿಗೆ ಕಾಯಿಸಬೇಕು, ತಟ್ಟನೆ ತಣಿಸಬೇಕು, ಮತ್ತೆ ಹದವಾದ ಕಾವಿನಲ್ಲಿ ದಿನವಿಡೀ ಇಡಬೇಕು. ಆ ಹದ ಕೊಡುವವನು ಮಡೆಪ್ಪ. ಭಾಲ್ಕಿಯವನು. ಒಲೆ ಕ್ರೇನಿನಿಂದ ಇಳಿದ ದಿನ ಅದರ ಬಾಗಿಲಿಗೆ ಸಿಂಧೂರ ಇಟ್ಟು ಕಾಯಿ ಒಡೆದವನೂ ಅವನೇ. ಹನ್ನೊಂದು ವರ್ಷದಿಂದ ಆ ಒಲೆಯೇ ಅವನ ಬದುಕು.

ಈಗ ಆ ಒಲೆಗೇ ಕುತ್ತು ಬಂದಿತ್ತು. ಎರಡು ಬ್ಯಾಚಿನ ಬ್ಲೇಡುಗಳು ಒಲೆಯಿಂದ ಹೊರಬಂದಾಗ ಸೀಳಿಹೋಗಿದ್ದವು. ಪ್ರಯೋಗಾಲಯ ಒಂದೇ ಪದ ಬರೆದು ಕಳಿಸಿತ್ತು: ಸೀಸ. ಕೆಲವು ಕೆಂಪು ಬಣ್ಣ, ಪುಡಿಗಳಲ್ಲೂ ಬೆರೆತಿರುವ ಲೋಹ. ಅದರ ಒಂದು ಚೂರು ತಾಗಿದರೆ ಸಾಕು, ಕಾದ ನಿಕ್ಕಲ್ಲಿನ ಕಣಕಣದ ಸಂದಿಗೆ ಇಳಿದು ಒಳಗಿಂದಲೇ ಬಿಡಿಸಿಬಿಡುತ್ತದೆ. ಇನ್ನೊಂದು ಬ್ಯಾಚು ಹೀಗಾದರೆ ಕೆಲಸ ಬಂದ್ ಎಂದು ಗಿರಾಕಿ ಪತ್ರ ಬರೆದಿದ್ದ. ಮಾಲೀಕ ಅನೀಲಕುಮಾರ ಗೋಡೆಗೆ ಬೋರ್ಡು ಹಾಕಿಸಿದ್ದ: ಬ್ಲೇಡಿಗೆ ಬಣ್ಣ, ಗ್ರೀಸು, ಚಾಕ್‌ಪೀಸು, ಪೆನ್ಸಿಲು, ಏನೂ ತಾಗಿಸಬಾರದು, ತಾಗಿಸಿದವರು ಅಂದೇ ಮನೆಗೆ.

ಮಡೆಪ್ಪ ಲೆಕ್ಕ ಹಾಕಿದ್ದ. ಒಲೆಯಿಂದ ಬಂದ ಬ್ಲೇಡಿನಲ್ಲಿ ಬಿರುಕು ಹುಡುಕುವುದು ಸಾಲೋಮನನ ಕೆಲಸ, ಅದಕ್ಕೆ ಬಳಸುವ ಬಣ್ಣ ಕೆಂಪು. ಬ್ಯಾಚು ಸೀಳಿದ ಎರಡೂ ಸಲ ಅವನು ರಜೆಯಲ್ಲಿದ್ದ. ಔರಾದಿನಲ್ಲಿ ತಾಯಿ ಆನಂದಮ್ಮನಿಗೆ ಹುಷಾರಿಲ್ಲ ಎಂಬ ನೆಪ. ಕೆಡಿಸಿಟ್ಟು ದೂರ ಹೋಗಿ ಕೂತರೆ ಯಾರ ಕಣ್ಣೂ ಬೀಳುವುದಿಲ್ಲವಲ್ಲ!

ಎಂಟು ಗಂಟೆಗೆ ಇಬ್ಬರೂ ಮಾಲೀಕನ ಎದುರು ನಿಂತಿದ್ದರು.

"ಕಣ್ಣಾರೆ ನೋಡೀನ್ರಿ ಸಾಹೇಬರ," ಮಡೆಪ್ಪ ಗುಡುಗಿದ. "ಒಂದೊಂದಕ್ಕೂ ಹಚ್ಚಿ ತಿಕ್ಯಾನ. ನಮ್ಮ ಅನ್ನಕ್ಕ ಮಣ್ಣು ಹಾಕ್ಯಾನ್ರಿ!"

"ಏನ್ ಮಾಡ್ಲಿಕತ್ತಿದ್ದಿ ಸಾಲೋಮನ?"

"ಒರಸ್ಲಿಕತ್ತಿದ್ದೆರಿ."

"ಏನು ಒರಸ್ತಿದ್ದಿ?"

ಸಾಲೋಮನ ಗೋಡೆಯ ಬೋರ್ಡು ನೋಡಿದ. ಆಮೇಲೆ ಮಡೆಪ್ಪನ ಮುಖ ನೋಡಿದ.

"ಧೂಳರಿ," ಅಂದ.

"ಧೂಳು ಕೆಂಪು ಇರ್ತದೇನೋ?"

ಅನೀಲಕುಮಾರ ಉತ್ತರಕ್ಕೆ ಕಾಯಲಿಲ್ಲ. ಬೋರ್ಡು ಎಲ್ಲರಿಗೂ ಒಂದೇ ಅಂದ.

ಗೇಟಿನ ಹತ್ತಿರ ಸಾಲೋಮನ ಹಿಂದಿರುಗಿ ನೋಡಿದ. ಕಣ್ಣು ತುಂಬಿದ್ದವು.

"ಮಡೆಪ್ಪಣ್ಣ, ಒಂದು ಮಾತು ಕೇಳ್ರಿ. ನಾಳಿ ಒಲಿ ಹಚ್ಚಾಗ ಬರೇ ಕೈ ಮುಗೀರಿ. ಅಷ್ಟೇ ಸಾಕು."

ಚರ್ಚಿಗೆ ಹೋಗುವವನು ತನಗೆ ದೇವರ ಪಾಠ ಹೇಳುತ್ತಾನೆ! ಮಡೆಪ್ಪನಿಗೆ ಮೈಯೆಲ್ಲ ಉರಿಯಿತು. "ನಿನ್ ದಾರಿ ನೀ ನೋಡ್ಕೊ ಹೋಗೋ," ಎಂದು ಗೇಟು ಎಳೆದ.

ಆ ದಿನವಿಡೀ ಅವನು ಕೂತು ಇಪ್ಪತ್ನಾಲ್ಕು ಬ್ಲೇಡನ್ನೂ ತೊಳೆದ. ಎರಡು ಸಲ ತೊಳೆದ, ಬಿಸಿಗಾಳಿಯಲ್ಲಿ ಒಣಗಿಸಿದ. ಸಂಜೆ ಟ್ರೇಗೆ ಜೋಡಿಸಿ, ಹನ್ನೊಂದು ವರ್ಷದ ಪದ್ಧತಿ ಒಂದೂ ತಪ್ಪದಂತೆ ಎಲ್ಲ ಮುಗಿಸಿ, ಕೋಣೆಗೆ ಬೀಗ ಹಾಕಿ ಕೀಲಿಯನ್ನು ಮನೆಗೇ ಒಯ್ದ. ಬೆಳಿಗ್ಗೆ ಬೇರೆ ಯಾರ ಕೈಯೂ ತಾಗದಂತೆ ಟ್ರೇ ತಾನೇ ಒಲೆಗೆ ತಳ್ಳಿದ. ಬಹಳ ದಿನಗಳ ನಂತರ ಅಂದು ಅವನು ಹೊಟ್ಟೆ ತುಂಬ ಊಟ ಮಾಡಿದ.

ಮೂರನೆಯ ದಿನ ಒಲೆಯ ಬಾಗಿಲು ತೆರೆದರು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಸೀಳಿಹೋಗಿದ್ದವು.

ವಾರದ ನಂತರ ಅನೀಲಕುಮಾರ ವರದಿ ಓದಿದ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಸೀಸಾನೇ ಅದರಿ ಮಡೆಪ್ಪನವರ. ಎಲ್ಲಾ ಬ್ಲೇಡಿನ ಬುಡದಾಗ, ಒಂದೇ ಜಾಗಾದಾಗ. ದುಂಡಗ, ಹತ್ತು ಪೈಸೆದಷ್ಟು." ಕಾಗದವನ್ನು ಮೇಜಿನ ಮೇಲಿಟ್ಟು ಒಲೆಯ ಮುಖ್ಯ ಸ್ವಿಚ್ಚು ಇಳಿಸಲು ಎದ್ದುಹೋದ. ಇನ್ನು ಅದನ್ನು ಯಾರೂ ಏರಿಸುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಶೆಡ್ಡು ಖಾಲಿ ಮಾಡುವಾಗ ಸಾಲೋಮನನ ಕಪಾಟನ್ನು ಒಡೆಯಬೇಕಾಯಿತು. ಒಳಗೆ ಬೈಬಲ್ಲು, ಊಟದ ಡಬ್ಬಿ, ಸ್ಪಿರಿಟ್ಟಿನ ಬಾಟಲಿ, ಮಡಚಿಟ್ಟ ಒರೆಸುಬಟ್ಟೆಗಳ ಅಟ್ಟಿ. ಪ್ರತಿ ಬಟ್ಟೆಯ ಅಂಚಿಗೂ ಬ್ಯಾಚಿನ ನಂಬರು ಬರೆದಿತ್ತು. ಸೀಳದೆ ಪಾಸಾದ ಬ್ಯಾಚುಗಳೆಲ್ಲ ಅಲ್ಲಿದ್ದವು. ಸೀಳಿದ ಬ್ಯಾಚಿನದು ಒಂದೂ ಇರಲಿಲ್ಲ.

ಮಡೆಪ್ಪ ಒಂದು ಬಟ್ಟೆ ಬಿಡಿಸಿದ. ಇಪ್ಪತ್ನಾಲ್ಕು ಕೆಂಪು ಕಲೆಗಳು, ಕೆಲವು ಕದಡಿದ್ದವು, ಕೆಲವು ಇನ್ನೂ ದುಂಡಗಿದ್ದವು. ಮೂಗಿಗೆ ಹಿಡಿದ. ತಪಾಸಣೆಯ ಬಣ್ಣದ ಘಾಟು ಇರಲಿಲ್ಲ. ಹಣಮಂತ ದೇವರ ಗುಡಿಯ ಎಣ್ಣೆ ವಾಸನೆ ಬಂತು.

ಪ್ರತಿ ಸಂಜೆ ಪ್ರತಿ ಬ್ಲೇಡಿಗೂ ಸಿಂಧೂರ ಇಟ್ಟು ಒಳ್ಳೇದಾಗಲಿ ಎಂದು ಬೇಡಿಕೊಳ್ಳುತ್ತಿದ್ದ ತನ್ನ ಉಂಗುರ ಬೆರಳನ್ನು ಅವನು ಒಂದು ಕಲೆಯ ಮೇಲಿಟ್ಟು ನೋಡಿದ, ಸರಿಯಾಗಿ ಕೂತಿತು.