ಹತ್ತರಲ್ಲೊಂದು ಪಾಲು

ಸಾಹೇಬರು ಬಂದವರೇ ಹಗೇವಿನ ಮೇಲೆ ಕುಳಿತರು.

ಕುಳಿತದ್ದು ಚಾಪೆಯ ಮೇಲೆ. ಚಾಪೆಯ ಕೆಳಗೆ ಸಗಣಿ ಸಾರಿಸಿದ ನೆಲ. ನೆಲದ ಕೆಳಗೆ ಚಪ್ಪಡಿ. ಚಪ್ಪಡಿಯ ಕೆಳಗಿನ ಗುಳಿಯಲ್ಲಿ, ಲೆವಿ ವಸೂಲಿಯವರ ಕಣ್ಣು ತಪ್ಪಿಸಿ ಕೊಪ್ಪದ ಕರಿಸಿದ್ದಯ್ಯ ತುಂಬಿಟ್ಟ ಭತ್ತ. ಯುದ್ಧದ ಕಾಲ. ಸರ್ಕಾರಕ್ಕೆ ಅಳೆಯದೆ ಬಚ್ಚಿಟ್ಟದ್ದು ಸಿಕ್ಕರೆ ಭತ್ತವೂ ಹೋಯಿತು, ಹಿಂದೆಯೇ ಕರಿಸಿದ್ದಯ್ಯನೂ ಮಂಡ್ಯದ ಜೈಲಿಗೆ ಹೋದ.

ಬಂದವರು ಮದ್ದೂರಿನ ಗೌಸ್ ಮೊಹಿಯುದ್ದೀನ್. ಇಸ್ಲಾಮಿನ ಧರ್ಮಶಾಸ್ತ್ರ ಬೆಳೆಯ ಮೇಲೆ ವಿಧಿಸಿದ ದಾನದ ಬಗ್ಗೆ ದೊಡ್ಡ ಗ್ರಂಥ ಬರೆಯುತ್ತಿದ್ದಾರಂತೆ. ಮಳೆ ನೀರಲ್ಲಿ ಬೆಳೆದರೆ ಹತ್ತರಲ್ಲೊಂದು ಪಾಲು ಬಡವರಿಗಂತೆ, ಕಷ್ಟಪಟ್ಟು ನೀರು ಹಾಯಿಸಿದರೆ ಇಪ್ಪತ್ತರಲ್ಲೊಂದಂತೆ. ಈ ಲೆಕ್ಕ ನಮ್ಮ ಕಡೆಯ ಗದ್ದೆಗೆ ಹೇಗೆ ಹೊಂದುತ್ತದೆಂದು ಜಾತಿ ನೋಡದೆ ಮನೆಮನೆ ಕೇಳುತ್ತಿದ್ದಾರಂತೆ. ಈ 'ಅಂತೆ'ಗಳಲ್ಲಿ ಕರಿಸಿದ್ದಯ್ಯ ಒಂದನ್ನೂ ನಂಬಲಿಲ್ಲ. ಬೆಳೆ ಎಷ್ಟೆಂದು ಕೇಳುವವನು ಲೆವಿಯವನಲ್ಲದೆ ಇನ್ಯಾರು?

"ಗದ್ದೆಗೆ ಯಾವ ನೀರು ಗೌಡರೇ? ಮಳೆಯದೋ, ಕಾಲುವೆಯದೋ?"

"ಕಣ್ಣೀರು ಸೋಮಿ."

ಸಾಹೇಬರು ಪೆನ್ಸಿಲ್ ಕಚ್ಚಿದರು. ಅದಕ್ಕೆ ಯಾವ ಶಾಸ್ತ್ರದಲ್ಲೂ ದರ ಕಟ್ಟಿರಲಿಲ್ಲ. "ಬೆಳೆದದ್ದು ಎಷ್ಟು?"

"ಬರೀ ಜೊಳ್ಳು. ಅಟ್ಟೀಲಿ ಒಂದ್ ಕಾಳಿಲ್ಲ. ನಂಬಾಕಿಲ್ವಾ? ಇವಳ್ನೇ ಕೇಳಿ."

ಹೆಂಡತಿ ಚಿಕ್ಕನಂಜಮ್ಮ ಬೇಯುತ್ತಿದ್ದ ಅನ್ನದ ಮಡಕೆಗೆ ಅಡ್ಡವಾಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಕ್ ದಿನದಿಂದ ಸೊಪ್ಪು ಬೇಯಿಸ್ಕಂಡು ತಿಂತೀವಿ ಕಣಪ್ಪ."

ಸಾಹೇಬರು ಪೆನ್ಸಿಲ್ ಜೇಬಿಗಿಟ್ಟರು. "ಹಾಗಾದರೆ ನೀವು ನನ್ನ ಮೊದಲನೇ ಅಧ್ಯಾಯದವರಲ್ಲ. ಎರಡನೆಯದರವರು," ಎಂದು ಎದ್ದು ಹೋದರು.

ಅವತ್ತಿನಿಂದ ಕರಿಸಿದ್ದಯ್ಯನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಭತ್ತವನ್ನು ಮಾರುವಂತಿಲ್ಲ, ಸಾಗಿಸುವಂತಿಲ್ಲ. ಬೀದಿಯಲ್ಲಿ ನಿಂತು ಒಂದು ತೇಗು ತೇಗುವಂತಿಲ್ಲ.

"ಎಲ್ಡ್ನೇ ಅದ್ಯಾಯ ಅಂದ್ರೆ ಜೈಲೇ ಕಣಮ್ಮಿ."

"ಅರ್ದ ಯೇಳಿ ಅರ್ದ ಮುಚ್ಚಿಕ್ಕಿದ್ರೆ ಆಗ್ತಿತ್ತು. ಕಣ್ಣೀರಂತೆ ಕಣ್ಣೀರು! ನಾಟ್ಕದೋನು!" ಚಿಕ್ಕನಂಜಮ್ಮ ರೇಗಿದಳು.

"ನೀನೇನ್ ಕಮ್ಮಿ ಅತ್ತಾ? ಸೊಪ್ಪಂತೆ!"

ಶನಿವಾರ ಬೆಳಿಗ್ಗೆ ಸಾಹೇಬರು ಮತ್ತೆ ಕೊಪ್ಪಕ್ಕೆ ಬಂದರು. ಜೊತೆಗೆ ಗೋಣಿತಾಟು ಹೊದಿಸಿದ ಎತ್ತಿನ ಗಾಡಿ. ಗಾಡಿಯ ಹಿಂದೆ ತಾಲ್ಲೂಕಿನ ಅಮಲ್ದಾರರು. ಅಮಲ್ದಾರರ ಹಿಂದೆ ಇಡೀ ಊರು.

"ಗೌಡರೇ," ಸಾಹೇಬರು ಒಳಗೆ ಬಗ್ಗಿ ನೋಡಿದರು. "ನಿಮ್ಮ ಮನೆಯಲ್ಲಿ ಭತ್ತ ಇಡುವ ಜಾಗ ಯಾವುದು?"

ಇನ್ನು ಮುಚ್ಚಿಟ್ಟು ಫಲವಿಲ್ಲ. ತಾನಾಗಿಯೇ ಒಪ್ಪಿಕೊಂಡರೆ ಶಿಕ್ಷೆಯಾದರೂ ಇಳಿದೀತು. ಕರಿಸಿದ್ದಯ್ಯ ಚಾಪೆ ಎಳೆದೆಸೆದ. ಹಾರೆ ಹಾಕಿ ಚಪ್ಪಡಿ ಮೀಟಿದ. "ತಪ್ಪಾಯ್ತು ಬುದ್ಧಿ! ಎಲ್ಲಾ ಇಲ್ಲೇ ಅದೆ, ತಗಂಡೋಗಿ!"

ಅಮಲ್ದಾರರು ಹಗೇವಿಗೆ ಇಣುಕಿದರು. ಊರೂ ಇಣುಕಿತು.

ಸಾಹೇಬರು ಮಾತ್ರ ಪೆಚ್ಚಾಗಿ ತಮ್ಮ ಗಾಡಿಯ ಕಡೆ ತಿರುಗಿದರು: ಎರಡನೇ ಅಧ್ಯಾಯದವರಿಗೆ, ಅಂದರೆ ದಾನ ಪಡೆಯಬೇಕಾದ ಕೊಪ್ಪದ ಎಲ್ಲರಿಗಿಂತ ಬಡವರ ಮನೆಗೆಂದು ಮದ್ದೂರಿನ ಮಸೀದಿಯವರು ಕೂಡಿಸಿ, ಅಮಲ್ದಾರರಿಂದ ಸಾಗಣೆಯ ಪರ್ಮಿಟ್ಟು ಪಡೆದು ಕಳಿಸಿದ್ದ ಭತ್ತದ ಮೂಟೆಗಳು ಅದರ ತುಂಬ ಇದ್ದವು.