ಎರಡು ಟ್ರ್ಯಾಕ್ಟರ್ ಗರಸು

ಸಲಹೆಗೆ ಒಂದು ಲಕ್ಷ ಎಂಬತ್ತು ಸಾವಿರ, ಸಲಹೆಗಾರರ ಕಾರಿಗೆ ಹದಿನಾಲ್ಕು ಸಾವಿರ, ಅವರಿಗೆ ಹೊದಿಸಿದ ಶಾಲಿಗೆ ಆರು ನೂರು. ಸಣ್ಣ ಪಂಚಾಯಿತಿಗಳಿಗೂ ದೊಡ್ಡ ಊರಿನ ಬುದ್ಧಿ ಮುಟ್ಟಲಿ ಎಂದು ಮೇಲಿನವರು ಹಾಕಿದ ಯೋಜನೆ ಅದು. ಮುದ್ದೇಬಿಹಾಳ ತಾಲ್ಲೂಕಿನ ಬಿಳೇಕಟ್ಟಿಗೆ ಆ ಬುದ್ಧಿ ಏಪ್ರಿಲ್‌ನ ಒಂದು ಮಧ್ಯಾಹ್ನ ಬಿಳಿ ಕಾರಿನಲ್ಲಿ ಬಂದಿಳಿಯಿತು. ಹೆಸರು ಅನಿಲ, ಊರು ಬೆಂಗಳೂರು, ಕೈಯಲ್ಲೊಂದು ಟ್ಯಾಬ್.

ಪಂಚಾಯಿತಿ ಸದಸ್ಯೆ ಗುಂಡವ್ವ ಬೆಳಗಿನಿಂದ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಹೇಳಲು ಅವಳ ಹತ್ತಿರ ಇದ್ದದ್ದು ಒಂದೇ ಮಾತು. ಊರಿಗೂ ಮುದ್ದೇಬಿಹಾಳದ ದವಾಖಾನೆಗೂ ನಡುವೆ ಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ಅದು ತುಂಬಿ ಬಂದರೆ ದಾರಿ ಬಂದ್. ಹೋದ ವರ್ಷ ದುರ್ಗವ್ವ ಅದರ ದಂಡೆಯ ಮೇಲೆಯೇ ಹಡೆದಿದ್ದಳು, ಕೂಸು ಉಳಿಯಲಿಲ್ಲ. ಈ ವರ್ಷ ಗುಂಡವ್ವನ ಸೊಸೆ ಕೋಮಲಳಿಗೆ ಭಾದ್ರಪದದಲ್ಲಿ ದಿನ ತುಂಬುತ್ತಿತ್ತು. ನಾಲ್ಕು ದೊಡ್ಡ ಪೈಪು ಹಾಕಿ ಮೇಲೆ ಕಾಂಕ್ರೀಟು ಸುರಿದಿದ್ದರೂ ಸಾಕಿತ್ತು. ಆದರೆ ಸಲಹೆಗಾರರ ವರದಿಯಲ್ಲಿ ಬಂದ ಕೆಲಸಕ್ಕೆ ಮಾತ್ರ ಈ ಸಲ ಹಣ ಎಂದು ಪಿಡಿಒ ಸಂಜೀವಕುಮಾರ ಮೊದಲೇ ಹೇಳಿಬಿಟ್ಟಿದ್ದ.

"ಊರಿನ ಮುಖ್ಯ ಸಮಸ್ಯೆ ಏನಮ್ಮಾ?" ಅನಿಲ ಟ್ಯಾಬಿನಿಂದ ತಲೆ ಎತ್ತದೆ ಕೇಳಿದ.

"ಹಳ್ಳರೀ ಸಾಹೇಬ್ರ."

"ನೋಡಿದೆ, ನೋಡಿದೆ. ಬರುವಾಗ ಕಾರಿನ ತಳ ಬಡೀತಲ್ಲ, ಅದೇ ತಾನೆ? ಒಟ್ಟು ಎಷ್ಟು ಹಳ್ಳ?"

"ಒಂದ ಐತ್ರಿ. ಊರಿಗೆಲ್ಲ ಸಾಕಾಗೈತಿ. ಅದನ್ನ ದಾಟೂವಂಗ ಮಾಡಿಕೊಡ್ರಿ, ನಮ್ಮ ಸೊಸಿ ಬಸರದಾಳ."

"ಹೌದು ಹೌದು, ಬಸುರಿಯರಿಗೆ ಕುಲುಕಾಟ ಒಳ್ಳೇದಲ್ಲ," ಎಂದು ಬರೆದುಕೊಂಡ.

ಮುನ್ನೂರು ಹೆಜ್ಜೆ ಅಷ್ಟೇ, ನಡೆದು ನೋಡಿ ಬರೋಣ ಬರ್ರಿ ಎಂದಳು ಗುಂಡವ್ವ. ಅನಿಲ ಬಿಸಿಲು ನೋಡಿದ, ಬೂಟು ನೋಡಿಕೊಂಡ, ಗೋಧಿ ಹುಗ್ಗಿ ಉಂಡು ಶಾಲು ಹೊದ್ದು ಸಿಂದಗಿಯ ಕಡೆ ಇನ್ನೊಂದು ಪಂಚಾಯಿತಿಗೆ ಬುದ್ಧಿ ಹೇಳಲು ಹೊರಟ. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಹಳ್ಳದಲ್ಲಿ ಅವನ ಕಾರಿನ ತಳ ಇನ್ನೊಮ್ಮೆ ಬಡಿಯಿತು.

ಜೂನಿನಲ್ಲಿ ವರದಿ ಬಂತು. ತೊಂಬತ್ತಾರು ಪುಟ, ನುಣುಪು ಕಾಗದ, ರಟ್ಟಿನ ಮೇಲೆ ಯಾವುದೋ ಊರಿನ ತೆಂಗಿನ ತೋಟ. ಸಭೆಯಲ್ಲಿ ಸಂಜೀವಕುಮಾರ ನಲವತ್ತೊಂದನೆಯ ಪುಟ ಓದಿದ: "ಊರ ಮುಂದಿನ ರಸ್ತೆಯಲ್ಲಿರುವ ಹಳ್ಳವನ್ನು ಎರಡು ಟ್ರ್ಯಾಕ್ಟರ್ ಗರಸು ಮಣ್ಣು ಹಾಕಿ ಮುಚ್ಚುವುದು. ಇದರಿಂದ ಗರ್ಭಿಣಿಯರ ಪ್ರಯಾಣ ಸುಗಮವಾಗುವುದು."

ಸಭೆ ಗೊಳ್ಳೆಂದು ನಕ್ಕಿತು. ಗುಂಡವ್ವ ನಗಲಿಲ್ಲ.

"ಹಳ್ಳಾ ಮುಚ್ಚತಾನಂತ! ಹಂಗಾದ್ರ ತಂಗಡಗಿ ಕಡೆ ಕೃಷ್ಣಾ ಹೊಳಿಗೂ ನಾಕ ಟ್ರ್ಯಾಕ್ಟರ್ ಬರಿ ಅನ್ರಿ ಅವಗ. ಹಚ್ರಿ ಫೋನು!"

"ಹಳ್ಳ ಅಂದ್ರೆ ಗುಂಡಿ ತಾನೆ ಅಮ್ಮಾ?" ಎಂದ ಅನಿಲ, ಫೋನಿನ ಆ ಕಡೆಯಿಂದ.

"ಗುಂಡಿಗೆ ನಾವು ತಗ್ಗು ಅಂತೇವ್ರಿ. ಹಳ್ಳ ಅಂದ್ರ ನೀರು ಹರಿಯೂದು. ನಮಗ ಶಾಣ್ಯಾತನ ಹೇಳಾಕ ಬರೂ ಮೊದಲ ನಮ್ಮದೊಂದು ಮಾತು ಕಲತು ಬರಬೇಕಿಲ್ರಿ?"

ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ, "ಹಾಗಾದ್ರೆ ಮರು ಅಧ್ಯಯನ ಆಗ್ಬೇಕು. ಹೊಸ ಪ್ರಸ್ತಾವನೆ ಕಳಿಸಿ. ಅದಕ್ಕೆ ಶುಲ್ಕ ಬೇರೆ ಆಗುತ್ತೆ."

ಗುಂಡವ್ವ ಸಂಜೀವಕುಮಾರನ ಕಡೆ ತಿರುಗಿದಳು. "ನಿಮಗರೆ ಹಳ್ಳ ಅಂದ್ರ ತಿಳೀತೈತಿಲ್ರಿ ಸಾಹೇಬ್ರ?"

"ನನಗ ತಿಳೀತೈತಿ ಗುಂಡವ್ವಾರ. ಕಂಪ್ಯೂಟರಿಗೆ ತಿಳಿಯಂಗಿಲ್ಲ. ವರದಿ ಪ್ರಕಾರ ಕೆಲಸ ಆಗಲಿಲ್ಲಂದ್ರ ಮುಂದಿನ ಕಂತು ನಿಲ್ಲತೈತಿ. ಎರಡು ಟ್ರ್ಯಾಕ್ಟರ್ ಹಾಕಿಸಿ ಫೋಟೋ ಕಳಿಸಿಬಿಡೂನು."

ಗರಸು ಬಿತ್ತು, ಫೋಟೋ ಹೋಯಿತು. ಮೂರನೆಯ ದಿನ ಸುರಿದ ಮಳೆಗೆ ಹಳ್ಳ ಬಂದು ಗರಸೂ ಹೋಯಿತು.

ಭಾದ್ರಪದದಲ್ಲಿ ಕೋಮಲಳಿಗೆ ಬೇನೆ ಕಾಣಿಸಿಕೊಂಡ ದಿನ ನೀರು ಎದೆಮಟ್ಟ ಇತ್ತು. ಅವಳನ್ನು ಹೊರಸಿನ ಮೇಲೆ ಮಲಗಿಸಿ, ನಾಲ್ಕು ಮಂದಿ ತಲೆಯ ಮೇಲೆ ಹೊತ್ತು ದಾಟಿಸಿದರು. ಹೊರಸಿನ ಒಂದು ಕಾಲು ಹಿಡಿದವಳು ಗುಂಡವ್ವ. ದವಾಖಾನೆ ಮುಟ್ಟಿದ ಗಳಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಉಳಿಯಿತು.

ಬಾಣಂತಿಯ ತಿಂಗಳು ಕಳೆದ ಮೇಲೆ ಗುಂಡವ್ವ ಹಳ್ಳಕ್ಕೊಂದು ಸೇತುವೆ ಬೇಕೆಂದು ಅರ್ಜಿ ಬರೆಸಿದಳು. ಅರ್ಜಿ ತಾಲ್ಲೂಕಿಗೆ ಹೋಗಿ, ಜಿಲ್ಲೆಗೆ ಹೋಗಿ, ಮೂರು ಸಿಕ್ಕೆ ಹೊಡೆಸಿಕೊಂಡು ತಿರುಗಿ ಬಂತು. ಕೆಳಗೆ ಒಂದು ಸಾಲು: "ಸದರಿ ಗ್ರಾಮದಲ್ಲಿ ಹಳ್ಳವನ್ನು ಈಗಾಗಲೇ ಮುಚ್ಚಲಾಗಿದೆ. ಫೋಟೋ ಲಗತ್ತಿಸಿದೆ."

ಕೂಸು ಉಳಿದದ್ದು ಹೊರಸಿನಿಂದ. ಸೇತುವೆ ಹೋದದ್ದು ಸಲಹೆಯಿಂದ.