ಗಂಧ ಹಚ್ಚಿದ ಜಾಗ

“ಮಾವಾ, ಪರದೆ ನೆಲದಲ್ಲಿದ್ದಷ್ಟೇ ಎತ್ತರ ತೋರಿಸ್ತಾ ಉಂಟು. ಮೋಡದೊಳಗೆ ಇದ್ದೇನೆ, ಎಂತದೂ ಕಾಣುವುದಿಲ್ಲ,” ಎಂದಿತು ರೇಡಿಯೋದಲ್ಲಿ ಶಶಾಂಕನ ದನಿ. ದೇಲಂಪಾಡಿಯ ಗೇರು ತೋಟದ ನಡುವಿನ ಖಾಸಗಿ ರನ್‌ವೇಯಲ್ಲಿ ನಿಂತಿದ್ದ ಉದಯಶಂಕರ ಎದುರಿನ ಗುಡ್ಡದ ಮೇಲಿನ ಮೋಡದತ್ತ ಕತ್ತೆತ್ತಿದ. ಸೋದರಳಿಯನ ಪುಟ್ಟ ವಿಮಾನದಿಂದ ಹಳೆಯ ಮುಳ್ಳಿನ ಮೀಟರುಗಳನ್ನೆಲ್ಲ ಕಿತ್ತು ಡಿಜಿಟಲ್ ಪರದೆ ಕೂರಿಸಿದವನು ಅವನೇ. ಬೆಳಿಗ್ಗೆ, ಅಕ್ಕ ವಿಮಾನಕ್ಕೆ ಪೂಜೆ ಮಾಡುವ ಮೊದಲು, ಎಲ್ಲ ಸರಿಯಿತ್ತು.

ಅವನು ಅಕ್ಕನತ್ತ ತಿರುಗಿದ. ಶಶಾಂಕನ ತಾಯಿ ಮೂಕಾಂಬಿಕಾ ಗಂಧದ ಬಟ್ಟಲು ಹಿಡಿದೇ ಆಕಾಶ ನೋಡುತ್ತಿದ್ದಳು. “ಅಕ್ಕಾ, ಗಂಧ ಎಲ್ಲಿಗೆ ಹಚ್ಚಿದ್ದು?”

“ಪರದೆ ಮುಟ್ಟಬೇಡ, ಹಾಳಾಗ್ತದೆ ಅಂತ ನೀನೇ ಗದರಿದೆಯಲ್ಲ ಮಾರಾಯ. ಹೊರಗೆ ಎರಡೂ ಬದಿಗೆ ಕಿವಿಯ ಹಾಗೆ ಸಣ್ಣ ತೂತು ಉಂಟಲ್ಲ, ಅಲ್ಲಿಗೆ ದೇವರ ಹೆಸರು ಹೇಳಿ ಚೆನ್ನಾಗಿ ಒತ್ತಿ ಹಚ್ಚಿದೆ.”

ಎತ್ತರ ಅಳೆಯಲು ಬೇಕಾದ ಹೊರಗಿನ ಗಾಳಿ ಒಳಗೆ ಹೋಗುವುದು ಆ ತೂತುಗಳಿಂದಲೇ. ಅವನು ರೇಡಿಯೋದ ಗುಂಡಿ ಒತ್ತಿದ. “ಶಶಾಂಕ, ಪರದೆಯನ್ನು ನಂಬಬೇಡ. ಮೇಲಕ್ಕೆ ಹೋಗು.” ಗುಡ್ಡದ ನೆತ್ತಿಯ ಮೋಡ ಕದಲಲಿಲ್ಲ. ಮತ್ತೆ ಮತ್ತೆ ಕರೆದರೂ ಉತ್ತರ ಬರಲಿಲ್ಲ. “ಎಂತ ಹೇಳಿದ ಅವನು?” ಎಂದು ಕೇಳಿದಳು ಮೂಕಾಂಬಿಕಾ. ಉದಯಶಂಕರ ಅವಳ ಕೈಯಿಂದ ಬಟ್ಟಲನ್ನು ಮೆಲ್ಲನೆ ಬಿಡಿಸಿ, ತನ್ನ ಬೆನ್ನ ಹಿಂದೆ ಹಿಡಿದುಕೊಂಡ.